ಗ್ರೂಪ್ ಮೇಲ್‌ನ್ಯಾಗ ಶಾಸನದ ಫೋಟೋ, ಪಿಡಿಎಫ್ ಕಳಸೂದು, ರಿಪ್ಲೈ ಮಾಡೂದು: ಹಿರಿಯರಿಗೆ ಬ್ಯಾಸರ ಆಗದಂಗ ಹೆಂಗ ಹೇಳೂದು?

ಕೊಪ್ಪಳ_ಕೋಟೆ_ಹುಡುಗ

ಎಲ್ಲರಿಗೂ ನಮಸ್ಕಾರ್ರಿ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ರವಿವಾರ ಬಂತಂದ್ರ ಗಾಡಿ ತಗೊಂಡು ಊರೂರು ಶಾಸನ, ವೀರಗಲ್ಲು, ಹಳೇ ಗುಡಿ ನೋಡ್ಕೋಂತ ತಿರುಗೋರ್ದು ನಮ್ದೊಂದು ಬಳಗ ಐತಿ. ಹೆಚ್ಚಿನವ್ರು ಮಾಸ್ತರು, ಕೆಲವ್ರು ರಿಟೈರ್ ಆದವ್ರು, ಪಿಎಚ್‌ಡಿ ಮಾಡೋರು ಅದಾರ, ಮೆಡಿಕಲ್ ಶಾಪ್ ಇಟ್ಟೋರು ಒಬ್ರು ಅದಾರ. ವಾಟ್ಸಾಪ್‌ನ್ಯಾಗ ಫೋಟೋ ಹಾಕಿದ್ರ ಅಕ್ಷರ ಮಸುಕಾಗಿ ಬಿಡ್ತಾವು, ಮ್ಯಾಲೆ ನಾಕು ದಿನ ಬಿಟ್ಟು ಹುಡುಕಿದ್ರ ಗುಡ್ ಮಾರ್ನಿಂಗ್ ನಡುವ ಏನೂ ಸಿಗೂದಿಲ್ಲ, ಅದಕ್ಕ ಗೂಗಲ್ ಗ್ರೂಪ್ (ಒಂದ ವಿಳಾಸಕ್ಕ ಮೇಲ್ ಹಾಕಿದ್ರ ಗುಂಪಿನ ಎಲ್ಲರಿಗೂ ಹೋಗೂದು) ಮಾಡಿ ಮೇಲ್‌ನ್ಯಾಗ ಚರ್ಚಾ ಮಾಡೂಣು ಅಂತ ಹಿರಿಯರ ಹೇಳಿದ್ರು, ಮಾಡಿದ್ವಿ.

ಈಗ ಅಲ್ಲೂ ಅದ ಗದ್ದಲ. ಒಬ್ರು ಸಬ್ಜೆಕ್ಟ್ ಜಾಗಾದಾಗ ಬರೇ "ಶಾಸನ" ಅಂತ ಬರದು ಎಂಟ್ಹತ್ತು ಫೋಟೋ ಒಗದು ಬಿಡ್ತಾರ, ಯಾವ ಊರು, ಕಲ್ಲು ಎಲ್ಲೈತಿ ಏನೂ ಇರಂಗಿಲ್ಲ. ಅದಕ್ಕ ಎಲ್ಲರೂ "ಸೂಪರ್ ಸರ್", "ಅದ್ಭುತ ಸರ್", ಬರೇ ಕೈ ಮುಗಿಯೋ ಗೊಂಬಿ, ಇಡೀ ಗುಂಪಿಗೆ ಹೋಗ್ತಾವು. ಇನ್ನೊಬ್ರು ಹೋದ ವರ್ಷದ ಯಾವುದೋ ಮೇಲ್ ತಗದು ಅದಕ್ಕ ರಿಪ್ಲೈ ಒತ್ತಿ ಹೊಸಾ ವಿಷಯ ಶುರು ಮಾಡ್ತಾರ. ಮತ್ತೊಬ್ರು ಡ್ರೈವ್ ಲಿಂಕ್ ಕಳಸ್ತಾರ, ಒತ್ತಿದ್ರ ಪರ್ಮಿಶನ್ ಕೇಳ್ತೈತಿ, ಅವ್ರು ಮೇಲ್ ನೋಡೂದು ವಾರಕ್ಕೊಮ್ಮೆ. ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದನ್ನ ಹಂಗ ಮೇಲ್‌ಗೆ ಪೇಸ್ಟ್ ಮಾಡ್ತಾರ, ನಮಗ ಬರೂದು ಇಂಗ್ಲಿಷ್ ಅಕ್ಷರದ ಕಿಚಡಿ. ಇಷ್ಟೆಲ್ಲಾ ಆದ್ಮ್ಯಾಲೆ ಇಬ್ಬರು ಒಳ್ಳೇ ಓದುಗರು ಸುಮ್ಮನ ಗ್ರೂಪ್ ಬಿಟ್ಟು ಹೋದ್ರು, ಅದ ನನಗ ಬ್ಯಾಸರ ಆಗಿದ್ದು.

ನಾನ ಎಲ್ಲರಕಿಂತ ಸಣ್ಣಾವ, ಅದಕ್ಕ "ನೀನ ನಾಕು ನಿಯಮ ಬರಿಯಪಾ" ಅಂತ ನನ್ನ ಕೊಳ್ಳಿಗೆ ಕಟ್ಯಾರ. ಏನ್ ಬರೀಲಿ, ಹೆಂಗ ಬರೀಲಿ? ಇಂಥ ಗುಂಪು ನಡಸಿದೋರು ಯಾರರ ಇದ್ರ ಹೇಳ್ರಿ.

---

ಮಸ್ಕಿ_ಮಾಸ್ತರ

ತಮ್ಮಾ, ನಿಯಮ ಆಮ್ಯಾಲೆ. ಮೊದಲ ಒಂದು ಮಾತು ಎಲ್ಲರಿಗೂ ಮನವರಿಕೆ ಮಾಡು, ಫೋಟೋ ಒಂದೇ ಕಳಿಸಿದ್ರ ಅದು ಏನೂ ಕಳಿಸಿದಂಗ ಅಲ್ಲ. ಕಲ್ಲಿನ ಮುಂದ ನಿಂತಾವ ಅವ್ರು, ಬಿಸಿಲಾಗ ಬೆವತಾವ್ರು ಅವ್ರು, ಅವರಿಗೆ ಎಲ್ಲಾ ಗೊತ್ತದ, ಸಿಂಧನೂರಾಗ ಕುಂತು ಮೇಲ್ ತಗಿಯಾವಗ ಏನ್ ಗೊತ್ತು? ಐದು ವರ್ಷ ಆದಮ್ಯಾಲೆ ಕಳಿಸಿದವರಿಗೇ ಅದು ಯಾವ ಊರಿನ ಕಲ್ಲು ಅಂತ ನೆನಪಿರಂಗಿಲ್ಲ, ಇದು ನಾ ಕಣ್ಣಾರೆ ನೋಡೀನಿ.

ನಮ್ಮ ಕಡೆ ನಾವು ಹಿಂಗ ಮಾಡ್ಕೊಂಡೀವಿ. ಸಬ್ಜೆಕ್ಟ್‌ನ್ಯಾಗ ಊರು, ತಾಲೂಕು, ಏನು ಅನ್ನೋದು. "ಶಾಸನ" ಅಂತ ಅಲ್ಲ, "ಇಟಗಿ, ಕುಕನೂರು ತಾಲೂಕು, ಮಹಾದೇವ ಗುಡಿ ಶಾಸನ, 12ನೇ ಸಾಲು ಓದಕ್ಕ ಬರವಲ್ದು" ಅಂತ. ನೋಡಿದ ತಕ್ಷಣ ತಿಳೀತದ ಇದು ಸುಮ್ಮನ ತೋರಸಾಕ ಕಳಿಸ್ಯಾರೋ, ಏನರ ಕೇಳಾಕ ಕಳಿಸ್ಯಾರೋ ಅಂತ. ಮೇಲ್ ಒಳಗ ನಾಕು ಸಾಲು: ಕಲ್ಲು ಗುಡಿ ಒಳಗದನೋ, ಹೊರಗ ಬಯಲಾಗದನೋ, ಎಷ್ಟು ಉದ್ದ ಅಗಲ, ಎಷ್ಟು ಸಾಲು ಕಾಣಸ್ತಾವ, ಎಲ್ಲಿ ಒಡದದ, ಯಾವತ್ತು ತಗದಿದ್ದು, ಯಾರು ತಗದಿದ್ದು. ಈ ತಗದವರ ಹೆಸರು ಮರೀಬ್ಯಾಡ್ರಿ, ನಾಳೆ ಯಾರೋ ಲೇಖನದಾಗ ಹಾಕ್ಕೋತಾರ, ಜಗಳ ಶುರುವಾಗೋದೇ ಅಲ್ಲಿ.

ಫೈಲಿಗೆ ಹೆಸರೂ ಹಂಗೇ ಇಡ್ರಿ. ಫೋನ್ ಕೊಟ್ಟ ನಂಬರ್ ಹಂಗೇ ಬಿಟ್ರ ಹತ್ತು ಫೋಟೋನ್ಯಾಗ ಯಾವುದು ಕಲ್ಲಿನ ಮ್ಯಾಲಿನ ಭಾಗ, ಯಾವುದು ಕೆಳಗಿಂದು ಅಂತ ತಲಿ ಕೆಟ್ಟು ಹೋಗ್ತದ. "ಊರು_ಜಾಗ_ಸಾಲು 1-8" ಅಂತ ಇಟ್ರ ಮುಗೀತು. ಒಂದು ಫೋಟೋ ಇಡೀ ಕಲ್ಲಿಂದು ಬೇಕೇ ಬೇಕು, ಅಂಚು ಸಹಿತ ಕಾಣಬೇಕು, ಆಮ್ಯಾಲೆ ಹತ್ತಿರದ್ದು. ನಮ್ಮ ಮಸ್ಕಿ ಶಾಸನ ತಗೋರಿ, 1915ರಾಗ ಬಂಗಾರದ ಗಣಿ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತಲ್ಲ, ಅದು. ಶಾಸನದಾಗ ಬರೋ ದೇವಾನಂಪ್ರಿಯ ಅನ್ನೋ ರಾಜ ಅಂದ್ರ ಅಶೋಕನೇ ಅಂತ ಗಟ್ಟಿ ಆಗಿದ್ದು ಆ ಶಾಸನದಿಂದ, ಅಶೋಕ ಅನ್ನೋ ಹೆಸರು ಇರೋದು ಮೊದಲ್ನೇ ಸಾಲಿನಾಗ. ಫೋಟೋ ತಗಿಯಾವ ಮ್ಯಾಲಿನ ಸಾಲು ಕಟ್ ಮಾಡಿದ ಅನ್ರಿ, ಹೋಯ್ತಲ್ಲ! ಇನ್ನ ನಡು ಮಧ್ಯಾಹ್ನದಾಗ ತಗದ ಫೋಟೋ ಕಳಸಬ್ಯಾಡ್ರಿ, ಮುಂಜಾನೆ ಇಲ್ಲ ಸಂಜಿ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ತಗ್ಗಿನಾಗ ನೆರಳು ನಿಲ್ತದ, ಆಗ ಓದಾಕ ಬರ್ತದ. ಇದು ಮೇಲ್ ವಿಷಯ ಅಲ್ಲ ಅಂತೀರೇನೋ, ಆದ್ರ ಓದಾಕ ಬರದ ಫೋಟೋ ಇಪ್ಪತ್ತು ಕಳಿಸೋದಕ್ಕಿಂತ ಓದಾಕ ಬರೋದು ಎರಡು ಕಳಿಸ್ರಿ ಅನ್ನೋದೂ ಇದರಾಗೇ ಬರ್ತದ.

---

ಬಳ್ಳಾರಿ_ಬಿಸಿಲು

ಮಾಸ್ತರು ಹೇಳಿದ್ದು ಬರೋಬ್ಬರಿ ಐತೆ. ನಾನು ಸೈಜಿನ ಲೆಕ್ಕ ಅಷ್ಟೇ ಹೇಳ್ತೀನಿ, ನಂದು ಇದೇ ಕೆಲಸ.

ಜಿಮೇಲ್‌ನಾಗೆ ಒಂದು ಮೇಲ್‌ಗೆ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ, ಅದಕ್ಕಿಂತ ದೊಡ್ಡದಾದ್ರೆ ಅದೇ ಡ್ರೈವ್‌ಗೆ ಹಾಕಿ ಲಿಂಕ್ ಮಾಡುತ್ತೆ. ಆದ್ರೆ 25ರ ತನಕ ಕಳಿಸಬಹುದು ಅಂತ 20-22 ತುಂಬಿಸಿ ಕಳಿಸಬ್ಯಾಡ್ರಿ. ಮೇಲ್‌ನಾಗೆ ಹೋಗುವಾಗ ಫೈಲು ಅಕ್ಷರ ರೂಪಕ್ಕೆ ಬದಲಾಗುತ್ತೆ, ಮೂರು ಪಾಲು ಇದ್ದದ್ದು ನಾಲ್ಕು ಪಾಲು ಆಗುತ್ತೆ, ಅಂದ್ರೆ ನಿಮ್ಮ ಕಂಪ್ಯೂಟರಿನಾಗೆ 20 ಕಾಣೋದು ದಾರಿಯಾಗೆ 27ರ ಹತ್ರ. ಕಾಲೇಜು, ಆಫೀಸಿನ ಮೇಲ್ ಐಡಿ ಇದ್ದೋರ ಸರ್ವರ್ ಇಷ್ಟು ದೊಡ್ಡದನ್ನ ಒಳಗೇ ಬಿಡದೆ ವಾಪಸ್ ಕಳಿಸಬಹುದು. ಇನ್ನೊಂದು, ಪುಕ್ಕಟೆ ಗೂಗಲ್ ಅಕೌಂಟಿಗೆ ಜಾಗ 15 ಜಿಬಿ, ಅದರಾಗೇ ಮೇಲ್, ಡ್ರೈವ್, ಫೋಟೋಸ್ ಎಲ್ಲಾ ಬರಬೇಕು. ನೂರು ಜನದ ಗುಂಪಿಗೆ 20 ಎಂಬಿ ಕಳಿಸಿದ್ರೆ ಎಲ್ಲರ ಅಕೌಂಟ್ ಸೇರಿ 2 ಜಿಬಿ ತಿಂದಂಗೆ. ಮೊಮ್ಮಗನ ಫೋಟೋಗೆ ಜಾಗ ಇಲ್ಲ ಅಂತ ಫೋನ್ ಹೇಳಿದಾಗ ಅಜ್ಜಾರು ಮೊದಲು ಬಿಡೋದು ಈ ಗ್ರೂಪನ್ನೇ.

ಅದಕ್ಕೆ ಒಂದು ಅಂದಾಜು ಇಟ್ಕೋರಿ. ಒಂದೆರಡು ಫೋಟೋ, ಎರಡು ಮೂರು ಎಂಬಿ ಒಳಗೆ ಇದ್ರೆ ಅಟ್ಯಾಚ್ ಮಾಡ್ರಿ, ಹಳ್ಳಿಯಾಗೆ ನೆಟ್‌ವರ್ಕ್ ಒಂದು ಕಡ್ಡಿ ಇದ್ದೋರೂ ನೋಡಬಹುದು. ಪೂರ್ತಿ ಗುಣಮಟ್ಟದ್ದು ಡ್ರೈವ್ ಫೋಲ್ಡರಿನಾಗೆ ಹಾಕಿ ಲಿಂಕ್ ಕೊಡ್ರಿ. ಲಿಂಕ್ ಕೊಡೋ ಮುಂಚೆ ಶೇರ್ ಒತ್ತಿ "ಲಿಂಕ್ ಇರೋ ಯಾರಾದ್ರೂ ನೋಡಬಹುದು" ಅಂತ ಮಾಡ್ರಿ, ಬರೇ ನೋಡೋದು ಅಷ್ಟೇ, ಎಡಿಟ್ ಕೊಡಬ್ಯಾಡ್ರಿ. ಎಡಿಟ್ ಕೊಟ್ಟ ಶೀಟಿನಾಗೆ ಯಾರೋ ಬಸ್ಸಿನಾಗೆ ಕುಂತು ಬೆರಳು ತಾಗಿಸಿ ಒಂದು ಕಾಲಂ ಅಳಿಸಿರ್ತಾರೆ, ಅವರಿಗೂ ಗೊತ್ತಿರಲ್ಲ. ಹಂಗೇನಾದ್ರೂ ಆಗಿದ್ರೆ ಗಾಬರಿ ಬ್ಯಾಡ, ಫೈಲ್ ಮೆನುವಿನಾಗೆ ವರ್ಷನ್ ಹಿಸ್ಟರಿ ಐತೆ, ಹಿಂದಿನದಕ್ಕೆ ಹೋಗಬಹುದು. ಕಳಿಸೋಕೆ ಮುಂಚೆ ಆ ಲಿಂಕನ್ನ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಾಗೆ (ಅಲ್ಲಿ ನಿಮ್ಮ ಲಾಗಿನ್ ಇರಲ್ಲ) ಒಮ್ಮೆ ತೆಗೆದು ನೋಡ್ರಿ, ಅಲ್ಲಿ ತೆಗೆದ್ರೆ ಎಲ್ಲರಿಗೂ ತೆಗೀತೈತೆ.

ಐಫೋನ್ ಇದ್ದೋರು ಕಳಿಸೋ ಎಚ್‌ಇಐಸಿ ಫೋಟೋ ಹಳೇ ಕಂಪ್ಯೂಟರಿನಾಗೆ ತೆಗೆಯಲ್ಲ, ಕ್ಯಾಮೆರಾ ಸೆಟ್ಟಿಂಗ್ಸ್‌ನಾಗೆ "ಮೋಸ್ಟ್ ಕಂಪ್ಯಾಟಿಬಲ್" ಮಾಡಿದ್ರೆ ಜೆಪಿಜಿ ಆಗುತ್ತೆ.

ಪುಸ್ತಕದ ಪಿಡಿಎಫ್ ಕಳಿಸೋರಿಗೆ ಕೈ ಮುಗಿತೀನಿ. ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್ 9ನೇ ಸಂಪುಟ, ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಾಗೆ ಇದ್ದಾಗಿನ ಕನ್ನಡ ಶಾಸನ ಬಹಳಷ್ಟು ಅದರಾಗೆ ಐತಲ್ಲ, ಅದು ಆರ್ಕೈವ್ ಡಾಟ್ ಆರ್ಗ್‌ನಾಗೇ ಐತೆ. ಲಿಂಕ್ ಕೊಟ್ಟು "ಇಂಥಾ ನಂಬರ್ ಶಾಸನ, ಇಂಥಾ ಪುಟ" ಅಂದ್ರೆ ಸಾಕು. ಅಂಗಡಿಯಾಗೆ ಈಗಲೂ ಮಾರಾಟಕ್ಕಿರೋ ಪುಸ್ತಕದ ಸ್ಕ್ಯಾನ್ ಅಂತೂ ಗುಂಪಿಗೆ ಹಾಕಲೇಬ್ಯಾಡ್ರಿ. ನಮ್ಮ ದೇಶದಾಗೆ ಬರೆದೋರು ತೀರಿಕೊಂಡು 60 ವರ್ಷ ಆಗೋ ತನಕ ಕಾಪಿರೈಟ್ ಇರುತ್ತೆ. ಬೇಕಾದ ಒಂದೆರಡು ಪುಟ ತೋರಿಸಿ ಚರ್ಚೆ ಮಾಡೋದು ಬೇರೆ, ಇಡೀ ಪುಸ್ತಕ ಹಂಚೋದು ಬೇರೆ.

---

ಗಂಗಾವತಿ_ಅಕ್ಕಿ

ಇಷ್ಟೆಲ್ಲಾ ತ್ರಾಸು ಯಾಕ್ರಿ, ವಾಟ್ಸಾಪ್‌ನ್ಯಾಗ ಫೋಟೋ ಅಂತ ಕಳಸಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ, 2 ಜಿಬಿ ತನಕ ಹೋಗ್ತೈತಿ, ಮಸುಕಾಗೂದಿಲ್ಲ. ಮುದುಕರಿಗೆ ಮೇಲ್ ಕಲಸೂದು ಬಿಟ್ಟು ಇದನ್ನ ಮಾಡ್ರಿ.

---

ಕೊಪ್ಪಳ_ಕೋಟೆ_ಹುಡುಗ

@ಗಂಗಾವತಿ_ಅಕ್ಕಿ ಅಣ್ಣಾ ಅದು ಖರೆ, ಆದ್ರ ಹುಡುಕೂದು ಹೆಂಗ? ಫೋನ್ ಬದಲ್ ಮಾಡಿದ್ರ ಅರ್ಧ ಹೋಗಿರ್ತೈತಿ. ಹೊಸದಾಗಿ ಸೇರಿದವ್ರಿಗೆ ಹಳೇ ಚರ್ಚಾ ಕಾಣಂಗಿಲ್ಲ. ಗ್ರೂಪ್ ಮೇಲ್‌ನ್ಯಾಗ ಊರ ಹೆಸರು ಹಾಕಿದ್ರ ಮೂರು ವರ್ಷದ ಹಿಂದಿಂದೂ ಬರ್ತೈತಿ, ಅದಕ್ಕ ಇದನ್ನ ಹಿಡ್ಕೊಂಡು ಕುಂತೀವಿ.

---

ಸಿಂಧನೂರು_ಸಂಶೋಧಕಿ

ಹುಡುಕೋ ಮಾತು ಬಂತಲ್ಲ, ಅದಕ್ಕೇ ನುಡಿ ಫಾಂಟ್ ವಿಷಯ ಮೊದಲು ಸರಿ ಮಾಡಬೇಕು ನೋಡ್ರಿ. ಹಳೇ ನುಡಿ, ಬರಹದಾಗ ಟೈಪ್ ಮಾಡಿದ್ದು ಒಳಗ ಇಂಗ್ಲಿಷ್ ಅಕ್ಷರನೇ ಇರ್ತದ, ಮ್ಯಾಲೆ ಫಾಂಟ್ ಕನ್ನಡದ ಆಕಾರ ತೋರಸ್ತದ ಅಷ್ಟೇ. ಫಾಂಟ್ ಇಲ್ಲದ ಕಡೆ ಕಿಚಡಿ ಕಾಣಸ್ತದ, "ಕುಷ್ಟಗಿ" ಅಂತ ಹುಡುಕಿದ್ರ ಸಿಗಂಗೂ ಇಲ್ಲ. ಯೂನಿಕೋಡಿಗೆ (ಎಲ್ಲಾ ಫೋನು, ಕಂಪ್ಯೂಟರಿನ್ಯಾಗ ಕನ್ನಡನೇ ಆಗಿ ಕಾಣೋ ಪದ್ಧತಿಗೆ) ಬದಲ ಮಾಡೋ ಕನ್ವರ್ಟರ್ ಪುಕ್ಕಟೆ ಸಿಗ್ತಾವ, ಮಾಡಿ ಹಾಕ್ರಿ ಅಂತ ಹೇಳ್ರಿ. ಆದ್ರ ಬದಲ ಮಾಡಿದ ಮ್ಯಾಲೆ ಒಮ್ಮೆ ಓದಿ ನೋಡಲೇಬೇಕು, ಅರ್ಕಾವತ್ತು, ಒತ್ತಕ್ಷರ ಅತ್ತಿತ್ತ ಆಗಿರ್ತಾವ. ಶಾಸನದ ಪಾಠದಾಗ ಒಂದು ಒತ್ತು ತಪ್ಪಿದ್ರ ಅರ್ಥನೇ ತಪ್ಪತದ, ನಾಳೆ ಅದನ್ನೇ ಇನ್ನೊಬ್ರು ಕಾಪಿ ಮಾಡ್ತಾರ. ಮೇಲ್‌ನ್ಯಾಗ ಯೂನಿಕೋಡ್ ಪಠ್ಯ, ಜೊತಿಗೆ ಬೇಕಾದ್ರ ಪಿಡಿಎಫ್, ಹಂಗ ಇದ್ರ ಛಲೋ.

ಈಗ ರಿಪ್ಲೈ ವಿಷಯ. ನನಗ ಅನಸೋ ಪ್ರಕಾರ ಫೈಲಿಗಿಂತ ಇಲ್ಲೇ ಗುಂಪು ಒಡೆಯೋದು. ಹಿರಿಯರೊಬ್ರು ಒಂದು ಶಾಸನ ಓದಿ ಹಾಕಿರ್ತಾರ, ನಮಗ ಬೇರೆ ಕಾಣಸ್ತದ. ಎಲ್ಲರ ಮುಂದ "ಸರ್ ಇದು ತಪ್ಪು" ಅಂದ್ರ ಸಂತ್ಯಾಗ ನಿಂತು ಕೂಗಿದಂಗ ಆಗ್ತದ. ಹಂಗಂತ ಬರೇ ಅವರಿಗಷ್ಟೇ ಪ್ರೈವೇಟ್ ಮೇಲ್ ಮಾಡಿ ಸುಮ್ಮನಾದ್ರ ಗುಂಪಿನಾಗ ತಪ್ಪೇ ಉಳೀತದ. ನಾನು ಮಾಡೋದು ಇಷ್ಟು, ವ್ಯಕ್ತಿ ಸುದ್ದಿನೇ ತಗಿಯಂಗಿಲ್ಲ, ಸಾಲಿನ ಸುದ್ದಿ ಮಾತ್ರ ಬರೀತೀನಿ. ಉದಾಹರಣೆಗೆ ಅವರು ಶಕ 982 ಅಂತ ಓದ್ಯಾರ ಅನ್ರಿ. ಅದೇ ಸಾಲಿನಾಗ ಮುಂದ ವಿಶ್ವಾವಸು ಸಂವತ್ಸರ ಅಂತ ಸ್ಪಷ್ಟ ಅದ. ಆಗ ಅವರ ಮೇಲ್‌ನ್ಯಾಗಿಂದ ಆ ಒಂದೇ ಸಾಲು ಉಳಿಸಿಕೊಂಡು, ಉಳಿದಿದ್ದೆಲ್ಲಾ ಅಳಿಸಿ, ಅದರ ಕೆಳಗ ಬರೀತೀನಿ: "ಸರ್, ವಿಶ್ವಾವಸು ಬರೋದು ಶಕ 987ಕ್ಕ, ಅಂದ್ರ ಕ್ರಿ.ಶ. 1065. 982 ಆದ್ರ ಶಾರ್ವರಿ ಇರಬೇಕಾಗ್ತದ. ಕೊನೇ ಅಂಕಿ 7 ಇರಬಹುದೇನು, ಫೋಟೋದ ಆ ಭಾಗ ದೊಡ್ಡದು ಮಾಡಿ ಹಾಕೀನಿ, ನೋಡಿ ಹೇಳ್ರಿ." ಶಕಕ್ಕ 78 ಕೂಡಿಸಿ ಕ್ರಿ.ಶ. ಮಾಡೋದು ಎಲ್ಲರಿಗೂ ಗೊತ್ತು, ಸಂವತ್ಸರ ತಾಳೆ ನೋಡೋದು ಭಾಳ ಮಂದಿ ಬಿಡ್ತಾರ. 2025ರ ಯುಗಾದಿಗೆ ಶುರುವಾಗಿದ್ದು ವಿಶ್ವಾವಸು, ಅಲ್ಲಿಂದ 60ರ 16 ಸುತ್ತು ಹಿಂದ ಹೋದ್ರ ಸರಿಯಾಗಿ 1065 ಬರ್ತದ, ಇದನ್ನ ಬರದ್ರ ಹಿರಿಯರಿಗೆ ಸಿಟ್ಟು ಬರಂಗಿಲ್ಲ, ಖುಷಿನೇ ಆಗ್ತದ. ಕೆಲವೊಮ್ಮೆ ಅವ್ರು "ಇಲ್ಲಮ್ಮಾ, ಕೆತ್ತಿದಾವನೇ ತಪ್ಪು ಮಾಡ್ಯಾನ, ಅಂಥಾವು ಬೇಕಾದಷ್ಟು ಅವ" ಅಂತ ನಮಗೇ ಪಾಠ ಹೇಳ್ತಾರ, ಅದೂ ಎಲ್ಲರಿಗೂ ಸಿಗಲಿ.

ಈ ಸಾಲು ಉಳಿಸಿ ಉಳಿದಿದ್ದು ಅಳಸೋದು ಇದೆಯಲ್ಲ, ಅದನ್ನ ಕಲಸ್ರಿ. ಫೋನಿನ್ಯಾಗ ರಿಪ್ಲೈ ಮಾಡಿದ್ರ ಹಿಂದಿನ ಹತ್ತು ಮೇಲ್ ಬಾಲದಂಗ ಕೂಡೇ ಹೋಗ್ತಾವ, ಮೂರು ಚುಕ್ಕಿ ಒತ್ತಿದ್ರ ಕಾಣಸ್ತಾವ. 1995ರಾಗ ಇಂಟರ್‌ನೆಟ್‌ನವ್ರು ಮಾಡಿದ ನೆಟಿಕೆಟ್ (ನೆಟ್‌ನ್ಯಾಗ ನಡಕೊಳ್ಳೋ ರೀತಿ) ಪಟ್ಟಿನ್ಯಾಗೂ ಇದೇ ಅದ, ಹಿಂದಿನ ಮಾತು ನೆನಪಾಗೋವಷ್ಟು ಉಳಸ್ರಿ, ಪೂರ್ತಿ ಬ್ಯಾಡ ಅಂತ. ಮತ್ತ ಹೊಸಾ ವಿಷಯಕ್ಕ ಹೊಸಾ ಮೇಲ್. ಹಳೇದಕ್ಕ ರಿಪ್ಲೈ ಒತ್ತಿ, ಸಬ್ಜೆಕ್ಟ್ ಹಂಗೇ ಬಿಟ್ಟು ಬೇರೆ ವಿಷಯ ಬರದ್ರ ಅದು ಹಳೇ ಚರ್ಚೆ ಹೊಟ್ಟಿ ಒಳಗ ಹೋಗಿ ಕುಂದ್ರತದ, ಯಾರೂ ನೋಡಂಗಿಲ್ಲ. ಇನ್ನೊಂದು ನೆನಪಿಡ್ರಿ, ಜಿಮೇಲ್‌ನ್ಯಾಗ ರಿಪ್ಲೈ ಮಾಡಿದ್ರ ಮೊದಲಿನ ಅಟ್ಯಾಚ್‌ಮೆಂಟ್ ಹೋಗಂಗಿಲ್ಲ, ಫಾರ್ವರ್ಡ್ ಮಾಡಿದ್ರ ಹೋಗ್ತದ. "ಫೋಟೋ ಬಂದಿಲ್ಲ" ಅನ್ನೋ ಅರ್ಧ ಮೇಲ್ ಇದರಿಂದನೇ.

---

ಸಂಡೂರು_ಗುಡ್ಡ

ಎಲ್ಲರೂ ಊರು, ಜಾಗ ಎಲ್ಲಾ ಬರೀರಿ ಅಂತ ಹೇಳ್ತಿದೀರಿ, ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ. ಇಟಗಿ, ಗವಿಮಠ, ಪಾಲ್ಕಿಗುಂಡು ಎಲ್ಲರಿಗೂ ಗೊತ್ತಿರೋ ಜಾಗ, ಬರೀರಿ. ಕಾಡಿನಾಗೆ, ಹೊಲದ ಬದುವಿನಾಗೆ ಯಾರೂ ನೋಡದ ಗುಡಿ, ಕಲ್ಲು ಸಿಕ್ಕರೆ ಲೊಕೇಶನ್ ಗುಂಪಿಗೆ ಹಾಕಬ್ಯಾಡ್ರಿ. ನಿಧಿಗಳ್ಳರ ಕಾಟ ನಮ್ಮ ಕಡೆ ಹೊಸದಲ್ಲ, ಲಿಂಗ ಕಿತ್ತು, ನಂದಿ ಕೆಳಗೆ ಅಗೆದು ಹೋಗಿರೋದು ನೀವೂ ನೋಡಿರ್ತೀರಿ. ಶಾಸನದಾಗೆ "ಗದ್ಯಾಣ" (ಆಗಿನ ಕಾಲದ ಬಂಗಾರದ ನಾಣ್ಯ) ಅಂತ ಬಂದ್ರೆ ಸಾಕು, ಅಲ್ಲಿ ಬಂಗಾರ ಹೂತೈತೆ ಅಂತ ತಿಳ್ಕೊಳ್ಳೋ ಮಂದಿ ಇದಾರೆ!

ಲೊಕೇಶನ್ ಬರೀಲಿಲ್ಲ ಅಂದ್ರೂ ಫೋಟೋ ಒಳಗೇ ಇರುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕ್ಯಾಮೆರಾದಾಗೆ ಲೊಕೇಶನ್ ಆನ್ ಇದ್ರೆ ಅಕ್ಷಾಂಶ ರೇಖಾಂಶ ಫೋಟೋ ಫೈಲಿನಾಗೇ ಕೂತಿರುತ್ತೆ. ವಾಟ್ಸಾಪ್‌ನಾಗೆ ಫೋಟೋ ಅಂತ ಕಳಿಸಿದ್ರೆ ಅದು ಉದುರಿ ಹೋಗುತ್ತೆ, ಆದ್ರೆ ಮೇಲ್‌ಗೆ ಅಟ್ಯಾಚ್ ಮಾಡಿದ್ರೂ, ಡಾಕ್ಯುಮೆಂಟ್ ಅಂತ ಕಳಿಸಿದ್ರೂ ಹಂಗೇ ಹೋಗುತ್ತೆ. ವಿಂಡೋಸ್‌ನಾಗೆ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದ್ರೆ ಕೆಳಗೆ ಅದನ್ನ ತೆಗೆಯೋ ಆಯ್ಕೆ ಐತೆ. ಒರಿಜಿನಲ್ ನಿಮ್ಮ ಹತ್ರ ಇಟ್ಕೊಂಡು ಕಾಪಿಯಿಂದ ತೆಗೆದು ಕಳಿಸ್ರಿ, ಕೇಳಿದೋರು ನಂಬಿಕಸ್ತರಾದ್ರೆ ಪ್ರತ್ಯೇಕ ಹೇಳ್ರಿ. ಹೊಲದ ಮಾಲೀಕರ ಹೆಸರು, ಫೋನ್ ನಂಬರ್ ಸಹಿತ ಮೇಲ್‌ನಾಗೆ ಹಾಕೋದನ್ನ ನಿಲ್ಲಿಸ್ರಿ, ಅವರು ಕಲ್ಲು ನೋಡಾಕೆ ಬಿಟ್ಟಿದ್ದೇ ತಪ್ಪಾತು ಅನ್ನಂಗೆ ಆಗಬಾರದು.

ಗೂಗಲ್ ಗ್ರೂಪ್ ಸೆಟ್ಟಿಂಗ್ಸ್‌ನಾಗೆ ಚರ್ಚೆ ಯಾರು ನೋಡಬಹುದು ಅಂತ ಇರುತ್ತೆ, ಅದು "ವೆಬ್‌ನಾಗೆ ಯಾರಾದ್ರೂ" ಅಂತ ಐತೋ, ಮೆಂಬರ್ಸ್ ಅಷ್ಟೇ ಅಂತ ಐತೋ ಇವತ್ತೇ ನೋಡ್ರಿ. ಒಮ್ಮೆ ಹೋದ ಮೇಲ್ ಗುಂಪಿನ ಪುಟದಿಂದ ಅಳಿಸಬಹುದು, ಜನರ ಇನ್‌ಬಾಕ್ಸಿನಿಂದ ಅಳಿಸಾಕೆ ಬರಲ್ಲ. ಜಿಮೇಲ್ ಅಂಡೂ ಸೆಂಡ್ ಜಾಸ್ತಿ ಅಂದ್ರೆ 30 ಸೆಕೆಂಡ್, ಅದನ್ನಾದ್ರೂ ಎಲ್ಲರಿಗೂ 30ಕ್ಕೆ ಇಟ್ಕೊಳ್ಳಾಕೆ ಹೇಳ್ರಿ.

---

ಕೊಪ್ಪಳ_ಕೋಟೆ_ಹುಡುಗ

ಭಾಳ ಉಪಕಾರ ಆತ್ರಿ ಎಲ್ಲರದ್ದೂ. ಸಂಡೂರು ಸರ್, ಈಗ ಹೋಗಿ ನೋಡ್ದೆ, ಮೆಂಬರ್ಸ್ ಅಷ್ಟೇ ಅಂತ ಐತಿ, ಬದುಕಿದ್ವಿ. ಒಂದು ಉಳೀತು, ಈ "ಸೂಪರ್ ಸರ್" ಮೇಲ್ ಏನ್ ಮಾಡ್ಲಿ? ಅದನ್ನ ಬ್ಯಾಡ ಅಂದ್ರ ಕೆಲವ್ರಿಗೆ ಉತ್ಸಾಹನ ಹೋಗ್ತೈತಿ, ಬಿಸಿಲಾಗ ಹೋಗಿ ಫೋಟೋ ತಗದು ಹಾಕಿದವ್ರಿಗೆ ಒಬ್ರೂ ಛಲೋ ಅನ್ಲಿಲ್ಲ ಅಂದ್ರ ಮತ್ತ ಯಾಕ್ ಹಾಕ್ತಾರ.

---

ಮಸ್ಕಿ_ಮಾಸ್ತರ

ಬ್ಯಾಡ ಅನಬ್ಯಾಡ. ಗ್ರೂಪ್ ಸೆಟ್ಟಿಂಗ್ಸ್‌ನ್ಯಾಗ ರಿಪ್ಲೈ ಡೀಫಾಲ್ಟ್ ಆಗಿ ಯಾರಿಗೆ ಹೋಗಬೇಕು ಅಂತ ಇಡಾಕ ಬರ್ತದ, ಬರದವರಿಗಷ್ಟೇ ಅಂತ ಇಟ್ರ ಹೊಗಳಿಕೆ ಸೀದಾ ಅವರಿಗೇ ಹೋಗ್ತದ, ಗುಂಪಿಗೆ ಹೇಳೋ ವಿಷಯ ಇದ್ದಾವ ರಿಪ್ಲೈ ಆಲ್ ಒತ್ತತಾನ. ಆದ್ರ ಅದರಾಗೂ ಒಂದು ತೊಡಕದ, ಒಳ್ಳೇ ಉತ್ತರನೂ ಒಬ್ಬರಿಗೇ ಹೋಗಿ ಉಳದವರಿಗೆ ಸಿಗಂಗಿಲ್ಲ. ನಮ್ಮಲ್ಲಿ ಸ್ವಲ್ಪ ದಿನ ಹಂಗ ಇಟ್ಟು ವಾಪಸ್ ಗುಂಪಿಗೇ ಮಾಡಿದ್ವಿ. ಈಗ ತಿಂಗಳಿಗೊಮ್ಮೆ ಒಬ್ರು ಮೇಲ್ ಹಾಕ್ತಾರ, ಈ ತಿಂಗಳು ಯಾರ್ಯಾರು ಯಾವ ಊರಿಂದ ಏನ್ ಕಳಿಸಿದ್ರು, ಯಾವುದು ಓದಾಕ ಬಂತು, ಯಾವುದು ಬಾಕಿ ಅದ ಅಂತ, ಹೆಸರು ಹಾಕಿ. ಅದು ಬಂದ ಮ್ಯಾಲೆ ಸೂಪರ್ ಸರ್ ತಾನೇ ಕಡಿಮಿ ಆತು. ಮತ್ತ ಹಿರಿಯರಿಗೆ ನಿಯಮದ ಪಟ್ಟಿ ಕಳಸಬ್ಯಾಡ ತಮ್ಮಾ, ನೀನೇ ಒಂದು ಮೇಲ್ ಸರಿಯಾಗಿ ಬರದು ಹಾಕು, "ಹಿಂಗ ಬರದ್ರ ನನಗ ಹುಡುಕಾಕ ಅನುಕೂಲ ಆಗ್ತದ್ರಿ" ಅಂತ ಕೆಳಗ ಒಂದು ಸಾಲು ಸೇರಸು. ಫೋನ್ ಮಾಡಿ ಹೇಳಬೇಕಾದ ಮಂದಿ ಇಬ್ರು ಮೂವರು ಇರ್ತಾರ, ಅವರಿಗೆ ಫೋನೇ ಮಾಡು, ಇಲ್ಲ ಮನಿಗೆ ಹೋಗಿ ಚಾ ಕುಡಕೋಂತ ಅವರ ಫೋನಿನ್ಯಾಗೇ ಮಾಡಿ ತೋರಸು.

---

ಬಳ್ಳಾರಿ_ಬಿಸಿಲು

ಒಂದು ಬಿಟ್ಟಿದ್ದೆ. ಡ್ರೈವ್ ಫೋಲ್ಡರ್ ಯಾರ ಅಕೌಂಟಿನಾಗೆ ಇಡ್ತೀರಿ ಅನ್ನೋದು ಈಗಲೇ ಮಾತಾಡಿಕೊಳ್ರಿ. ಒಬ್ಬೊಬ್ಬರು ತಮ್ಮ ತಮ್ಮ ಅಕೌಂಟಿನಿಂದ ಲಿಂಕ್ ಕೊಟ್ರೆ, ಅವರು ಜಾಗ ಖಾಲಿ ಮಾಡಾಕೆ ಅಳಿಸಿದ ದಿನ ಎಲ್ಲರ ಮೇಲ್‌ನಾಗಿನ ಲಿಂಕೂ ಸತ್ತಂಗೆ. 2 ವರ್ಷ ಯಾರೂ ಒಳಗೆ ಹೋಗದ ಅಕೌಂಟನ್ನ ಗೂಗಲ್ ಈಗ ತಾನೇ ಅಳಿಸಬಹುದು, ತೀರಿಕೊಂಡೋರ ಫೋಟೋ ಎಲ್ಲಾ ಹಂಗೆ ಹೋಗ್ತಾವೆ. ಗುಂಪಿಗೆ ಅಂತಲೇ ಒಂದು ಅಕೌಂಟ್ ಮಾಡಿ ಇಬ್ಬರ ಹತ್ರ ಪಾಸ್‌ವರ್ಡ್ ಇರಲಿ, ಮತ್ತೆ ವರ್ಷಕ್ಕೊಮ್ಮೆ ಎಲ್ಲಾ ಫೋಲ್ಡರ್ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ರಿ, 1 ಟಿಬಿ ಇದ್ರೆ ಬೇಕಾದಷ್ಟಾಯ್ತು.